ಎಲ್ಫ್‌ಗೆ ನಿದ್ದೆ ಇಲ್ಲ ಅಂದ್ಮೇಲೆ ರಾತ್ರಿಯೆಲ್ಲಾ ಏನ್ ಮಾಡ್ತಾಳೆ?

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಮನುಷ್ಯರಲ್ಲದ ಪಾತ್ರಗಳ ಬಗ್ಗೆನೇ, ಅಂದ್ರೆ ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಆಡೋ ಫ್ಯಾಂಟಸಿ ಆಟಗಳಲ್ಲಿ ಆಟಗಾರರು ತಗೊಳ್ಳೋ ಚೂಪು ಕಿವಿಯ ಎಲ್ಫು, ಎತ್ತರ ಕಡಿಮೆ ಇರೋ ಲೋಹ ಕೆಲಸದ ಡ್ವಾರ್ಫು, ಹಕ್ಕಿಮನುಷ್ಯ ಇಂಥವು. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಾವು ಆರು ಜನ ಪ್ರತಿ ಭಾನುವಾರ ಫ್ರೆಂಡ್ ಮನೇಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡ್ತೀವಿ, ನಾನೇ ಡಿಎಂ, ಅಂದ್ರೆ ಕಥೆ ಹೇಳ್ತಾ ಆಟ ನಡೆಸೋನು. ಐದು ಜನ ಆಟಗಾರರಲ್ಲಿ ಒಬ್ರೂ ಮನುಷ್ಯರ ಪಾತ್ರ ತಗೊಂಡಿಲ್ಲ. ಆದ್ರೆ ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎಲ್ರೂ ಮಾಮೂಲಿ ಬೆಂಗ್ಳೂರು ಹುಡುಗ್ರೇ ಆಗ್ಬಿಡ್ತಾರೆ. ಡ್ವಾರ್ಫ್ ಆಡೋನು ಗಡಸು ದನಿ ಮಾಡಿ ಬಿಯರ್ ಕೇಳ್ತಾನೆ, ಎಲ್ಫ್ ಆಡೋಳು ಕಿವಿ ಚೂಪು ಅಂತ ನೆನಪಿಸ್ತಾಳೆ, ಅಷ್ಟೇ. ಹೇಗೆ ಸರಿ ಮಾಡ್ಲಿ? (ಬೆಂಗಳೂರು)

ಉತ್ತರ: ಮೊದಲು ಒಂದು ಮಾತು, ಆ ಡ್ವಾರ್ಫ್ ಹುಡುಗನ ಮೇಲೆ ಬೇಜಾರು ಮಾಡ್ಕೋಬೇಡಿ, ಪಾಪ ಅವನ ಕೈಗೆ ದನಿ ಬಿಟ್ರೆ ಬೇರೇನೂ ಸಿಕ್ಕಿಲ್ಲ. ನೀವು ಅವನಿಗೆ ಮನುಷ್ಯನೂ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನೇ ಕೇಳ್ತಾ ಇದ್ರೆ ಅವನು ಮನುಷ್ಯನ ಥರಾನೇ ಉತ್ತರ ಕೊಡ್ತಾನೆ. ಡ್ವಾರ್ಫ್ ಆಗಿದ್ದಕ್ಕೇ ಎದುರಾಗೋ ಪ್ರಶ್ನೆ, ಸೆಷನ್‌ಗೆ ಒಂದಾದ್ರೂ, ನೀವೇ ಅವನ ಮುಂದೆ ಇಡಬೇಕು.

ನಮ್ಮ ಟೇಬಲ್ಲಲ್ಲಿ ನಡೆದದ್ದು ಹೇಳ್ತೀನಿ. 2014ರ ರೂಲ್ಸ್ ಪ್ರಕಾರ ಡ್ವಾರ್ಫ್‌ಗೆ 60 ಅಡಿ ತನಕ ಕತ್ತಲಲ್ಲೂ ಕಣ್ಣು ಕಾಣತ್ತೆ. ಎಲ್ರಿಗೂ ನೆನಪಿರೋದು ಅಷ್ಟೇ, ಆದ್ರೆ ಅದರ ಜೊತೆಗೇ ಇನ್ನೊಂದು ಮಾತೂ ಬರೆದಿದೆ, ಕತ್ತಲಲ್ಲಿ ಅವನಿಗೆ ಬಣ್ಣ ಗೊತ್ತಾಗಲ್ಲ, ಕಾಣೋದೆಲ್ಲಾ ಬೂದು. ನಮ್ಮ ಡ್ವಾರ್ಫ್ ಹುಡುಗ ಯಾವಾಗ್ಲೂ "ಪಂಜು ಬೇಡ, ನಾನು ಮುಂದೆ ಹೋಗಿ ನೋಡ್ಕೊಂಡ್ ಬರ್ತೀನಿ" ಅಂತ ಹೊರಡೋನು. ಒಂದಿನ ಹಾಗೇ ಹೋದ, ಗೋಡೇಲಿ ಎರಡು ಹಿಡಿಗಳು, ಅವರ ಹತ್ರ ಇದ್ದ ಚೀಟೀಲಿ ಕೆಂಪು ಹಿಡಿ ಎಳೀಬೇಕು ಅಂತಿದೆ. ನಾನು ಹೇಳಿದ್ದು ಇಷ್ಟೇ, "ನಿನಗೆ ಎರಡೂ ಬೂದು ಬಣ್ಣ." ಪಂಜು ಹಚ್ಚಿದ್ರೆ ಪಕ್ಕದ ಕೋಣೆಯಲ್ಲಿರೋ ಗಾಬ್ಲಿನ್‌ಗಳಿಗೆ, ಅಂದ್ರೆ ಪುಟ್ಟ ದುಷ್ಟ ಜೀವಿಗಳಿಗೆ, ಬೆಳಕು ಕಾಣತ್ತೆ. ಟೇಬಲ್ ಸುತ್ತ ಒಬ್ರೂ ಮಾತಾಡ್ಲಿಲ್ಲ. ಸುಮಾರು ಹೊತ್ತು ಯೋಚ್ನೆ ಮಾಡಿ ಅವನು ಕೇಳಿದ, "ಯಾವ ಹಿಡಿ ಜಾಸ್ತಿ ಸವೆದಿದೆ? ಕೈ ಆಡಿಸಿ ನೋಡ್ತೀನಿ." ಅವತ್ತು ಅವನು ದನಿ ಗಡಸು ಮಾಡೋದನ್ನೇ ಮರೆತಿದ್ದ, ಆದ್ರೆ ಅವನಷ್ಟು ಡ್ವಾರ್ಫ್ ಆಗಿ ಆಡಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ. ಲೋಹ ಕೆಲಸದ ಜನ ಹಾಗೇ ತಾನೇ ಯೋಚಿಸೋದು, ಕಣ್ಣು ಕೈ ಕೊಟ್ರೆ ಬೆರಳು.

ನಿಮ್ಮ ಎಲ್ಫ್ ಹುಡುಗಿಗೂ ಹೀಗೇ. ಎಲ್ಫ್‌ಗಳು ನಿದ್ದೆ ಮಾಡಲ್ಲ, 4 ಗಂಟೆ ಧ್ಯಾನದ ಥರ ಕೂತ್ರೆ ಸಾಕು ಮನುಷ್ಯರ 8 ಗಂಟೆ ನಿದ್ದೆಗೆ ಸಮ. ಹೆಚ್ಚಿನ ಟೇಬಲ್‌ಗಳಲ್ಲಿ ಇದು "ಸರಿ, ಕಾವಲು ನೀನೇ ಕೂತ್ಕೋ" ಅನ್ನೋದ್ರಲ್ಲಿ ಮುಗಿದುಹೋಗತ್ತೆ. ಎಷ್ಟು ನಷ್ಟ ನೋಡಿ! ಪ್ರತಿ ರಾತ್ರಿ ನಾಲ್ಕು ಗಂಟೆ ಎಲ್ರೂ ಮಲಗಿರ್ತಾರೆ, ಇವಳೊಬ್ಬಳೇ ಎಚ್ಚರ, ಅದೂ 750 ವರ್ಷ ಬದುಕಬಹುದಾದ ಜೀವ. ಏನ್ಮಾಡ್ತಾಳೆ ಅಂತ ಒಂದು ಸಲ ಕೇಳಿ ನೋಡಿ. ಆ ಆಯಸ್ಸನ್ನ ಪಾತ್ರದ ವಿವರ ಬರೆಯೋ ಶೀಟ್ ಮೇಲೆ ಬಿಡಬೇಡಿ, ಊರಿನೊಳಗೆ ತನ್ನಿ. ನಾನು ಒಂದು ಛತ್ರದ ಮುದುಕನ್ನ ಇಟ್ಟಿದ್ದೆ, ಎಲ್ಫ್ ಬಾಗಿಲಿಗೆ ಬಂದಾಗ ಅವನು ಕಣ್ಣು ಕಿರಿದು ಮಾಡಿ ನೋಡಿ "ನಾನು ಐದು ವರ್ಷದೋನಿದ್ದಾಗ ನೀವು ನಂಗೊಂದು ಮರದ ಕುದುರೆ ಕೊಟ್ಟಿದ್ರಿ ಅಲ್ವಾ" ಅಂದ. ಆಟಗಾರ್ತಿಗೆ ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ. ಆಮೇಲೆ ಅವಳು ಯಾವ ಊರಿಗೆ ಹೋದ್ರೂ ಮೊದಲು ವಯಸ್ಸಾದವರನ್ನ ಹುಡುಕೋಕೆ ಶುರು ಮಾಡಿದ್ಳು.

ಬೇರೆ ಆಟಗಳೂ ಇದನ್ನ ಚೆನ್ನಾಗಿ ಮಾಡಿವೆ, ಎರಡು ಮಾತ್ರ ಹೇಳ್ತೀನಿ. ರೂನ್‌ಕ್ವೆಸ್ಟ್ 1978ರಲ್ಲಿ ಬಂದಿದ್ದು, ಅದು ನಡೆಯೋ ಗ್ಲೊರಾಂಥಾ ಲೋಕದಲ್ಲಿ ಎಲ್ಫ್‌ಗಳು ಗಿಡಗಳೇ, ಎಲೆ ಉದುರಿಸೋ ಮರಗಳ ಪೈಕಿ ಇರೋ ಕಂದು ಎಲ್ಫ್‌ಗಳು ಚಳಿಗಾಲ ಬಂದ್ರೆ ಮಲಗಿಬಿಡ್ತಾರೆ. ಅಂಥವಳು ನಿಮ್ಮ ಗುಂಪಲ್ಲಿದ್ರೆ ಪ್ರಯಾಣ ಯಾವ ತಿಂಗಳು ಹೊರಡಬೇಕು ಅನ್ನೋದೇ ದೊಡ್ಡ ಚರ್ಚೆ ಆಗತ್ತೆ. ಇನ್ನೊಂದು 2002ರ ದಿ ಬರ್ನಿಂಗ್ ವ್ಹೀಲ್, ಅದ್ರಲ್ಲಿ ಎಲ್ಫ್‌ಗಳಿಗೆ ದುಃಖ ಅಂತಾನೇ ಒಂದು ಅಂಕಿ ಇದೆ, ಲೋಕದ ನೋವು ನೋಡ್ತಾ ನೋಡ್ತಾ ಅದು ಏರತ್ತೆ, 10 ಮುಟ್ಟಿದ್ರೆ ಆ ಪಾತ್ರ ಆಟದಿಂದ್ಲೇ ಹೊರಗೆ. ಡ್ವಾರ್ಫ್‌ಗೆ ದುರಾಸೆ, ಓರ್ಕ್‌ಗೆ ದ್ವೇಷ. ನೀವು ಆ ಆಟ ಆಡ್ಬೇಕು ಅಂತಿಲ್ಲ, ಆ ಯೋಚ್ನೆ ಮಾತ್ರ ತಗೊಳ್ಳಿ.

ಯಕ್ಷಗಾನ ನೋಡಿದೋರಿಗೆ ಇದು ಬೇಗ ಅರ್ಥ ಆಗತ್ತೆ. ಬಣ್ಣದ ವೇಷ ತೆರೆ ಹಿಂದೆ ನಿಂತಾಗ್ಲೇ, ಒಂದು ಮಾತೂ ಆಡೋಕೆ ಮುಂಚೆನೇ, ಇದು ಮನುಷ್ಯ ಅಲ್ಲ ಅಂತ ಸಭೆಗೆ ಗೊತ್ತಾಗಿರತ್ತೆ. ಮೈ ಮೊದಲು, ಮಾತು ಆಮೇಲೆ. ನಿಮ್ಮ ಹುಡುಗ್ರಿಗೂ "ಆ ಮೈಯಲ್ಲಿ ಇರೋದು ಹೇಗಿದೆ" ಅಂತ ಕೇಳ್ತಾ ಬನ್ನಿ.

ಪ್ರಶ್ನೆ: ನನ್ನ ಆಟದಲ್ಲಿ ಒಬ್ಬ ಆರಕೋಕ್ರಾ ತಗೊಂಡಿದಾನೆ, ಹಕ್ಕಿಮನುಷ್ಯ. ಮೊದಲ್ನೇ ಲೆವೆಲ್‌ನಿಂದ್ಲೇ ಹಾರ್ತಾನೆ. ಕಂದಕ, ಗೋಡೆ, ಹೊಳೆ, ನಾನು ಏನ್ ಇಟ್ರೂ ಹಾರ್ಕೊಂಡ್ ಹೋಗಿಬಿಡ್ತಾನೆ. ಬ್ಯಾನ್ ಮಾಡಿಬಿಡ್ಲಾ? (ಹುಬ್ಬಳ್ಳಿ)

ಉತ್ತರ: ಆಟ ಶುರುವಾಗೋಕೆ ಮುಂಚೆ ಬೇಡ ಅಂದಿದ್ರೆ ಒಂದು ಮಾತು, ನೀವು ಹೂಂ ಅಂದಾಗಿದೆ, ಈಗ ರೆಕ್ಕೆ ಕತ್ತರಿಸಿದ್ರೆ ಆ ಹುಡುಗನ ಮನಸ್ಸು ಮುರಿಯತ್ತೆ. ಹಾರಲಿ ಬಿಡಿ. ಕಂದಕ ದಾಟಿದ್ರೆ ಶಹಭಾಸ್ ಅನ್ನಿ, ಅವನು ಅದಕ್ಕೇ ಆ ಪಾತ್ರ ತಗೊಂಡಿರೋದು. ಆದ್ರೆ ದಾಟಿದ್ಮೇಲೆ ಆ ಕಡೆ ಅವನೊಬ್ಬನೇ ಅನ್ನೋದು ನೆನಪಿರ್ಲಿ. ಮಿಕ್ಕೋರನ್ನ ಎತ್ಕೊಂಡ್ ಹೋಗ್ತೀನಿ ಅಂದ್ರೆ ಲೆಕ್ಕ ಹಾಕಿ, ಬಲ 10 ಇದ್ರೆ ಅವನು ಹೊರಬಹುದಾದ ತೂಕ 150 ಪೌಂಡ್, ಅಂದ್ರೆ ಸುಮಾರು 68 ಕೆಜಿ, ಅದ್ರಲ್ಲಿ ಅವನ ಸ್ವಂತ ಸಾಮಾನೂ ಸೇರಿತು, ಕವಚ ಹಾಕ್ಕೊಂಡಿರೋ ಡ್ವಾರ್ಫ್ ಎಲ್ಲಿಂದ ಬರ್ತಾನೆ. ಅವನಿಗೂ ಮಧ್ಯಮ ಅಥವಾ ಭಾರಿ ಕವಚ ಹಾಕ್ಕೊಂಡು ಹಾರೋಕಾಗಲ್ಲ. ಬಯಲಲ್ಲಿ ಮೇಲೆ ಹೋದೋನು ಎಲ್ರಿಗೂ ಕಾಣ್ತಾನೆ, ಗಾಬ್ಲಿನ್ ಕೈಲಿರೋ ಚಿಕ್ಕ ಬಿಲ್ಲಿನ ಬಾಣನೇ 80 ಅಡಿ ಸಲೀಸಾಗಿ ಹೋಗತ್ತೆ. ಹಾರ್ತಿರೋವಾಗ ಯಾವ ಮಂತ್ರದಿಂದಾದ್ರೂ ಅವನ ವೇಗ ಸೊನ್ನೆ ಆದ್ರೆ ಕೆಳಗೆ ಬೀಳ್ತಾನೆ, ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳದಷ್ಟು ಪೆಟ್ಟು. ಇದನ್ನೆಲ್ಲಾ ಪ್ರತಿ ಸಲ ತಂದ್ರೆ ಶಿಕ್ಷೆ ಕೊಟ್ಟಂಗಾಗತ್ತೆ, ಅದು ಬೇಡ, ಮೂರಕ್ಕೆ ಒಂದು ಸಲ ಸಾಕು. ಇನ್ನೊಂದು, ಈ ಜನಕ್ಕೆ ಮುಚ್ಚಿದ ಜಾಗ ಅಂದ್ರೆ ಆಗಲ್ಲ. ತಗ್ಗು ಛಾವಣಿಯ ಸುರಂಗಕ್ಕೆ ಇಳಿಯೋ ಮುಂಚೆ "ನಿನ್ನ ರೆಕ್ಕೆ ಎರಡೂ ಗೋಡೆಗೆ ತಾಗ್ತಿದೆ" ಅಂತ ಹೇಳಿ ಸುಮ್ನಿರಿ, ಮುಂದಿಂದು ಅವನೇ ಆಡ್ತಾನೆ.

ಪ್ರಶ್ನೆ: ನನ್ನ ಟೇಬಲ್ಲಲ್ಲಿ ಒಬ್ಳು ಟೀಫ್ಲಿಂಗ್ ಆಡ್ತಾಳೆ, ಕೊಂಬು ಬಾಲ ಎಲ್ಲಾ ಇರೋ ಪಾತ್ರ. ಜನ ಇವರನ್ನ ನಂಬಲ್ಲ ಅಂತ ರೂಲ್‌ಬುಕ್ಕಲ್ಲೇ ಇದೆ, ಅದಕ್ಕೆ ಊರಿಂದ ಊರಿಗೆ ಓಡಿಸ್ತಾ ಇದ್ದೆ. ಮೊನ್ನೆ ಅವಳು ಅರ್ಧಕ್ಕೇ ಎದ್ದು ಹೋದ್ಳು. (ಮೈಸೂರು)

ಉತ್ತರ: ಮೊದಲು ಅವಳಿಗೆ ಫೋನ್ ಮಾಡಿ, ಇದನ್ನ ಓದೋದು ಆಮೇಲೆ. ನಂಗೂ ಹೀಗೇ ಆಗಿತ್ತು, ನಾನು ಬಾವಿ ಹತ್ರ ಒಬ್ಬ ಟೀಫ್ಲಿಂಗ್‌ಗೆ ನೀರು ಕೊಡದ ಹಳ್ಳಿ ಅಂತ ಒಂದು ದೃಶ್ಯ ಮಾಡಿದ್ದೆ, ಭಾರಿ ಗಂಭೀರವಾಗಿ ಬರೆದಿದೀನಿ ಅನ್ಕೊಂಡು. ಆಟಗಾರ್ತಿ ನಿಧಾನಕ್ಕೆ ಹೇಳಿದ್ಳು, "ಇದು ನಮ್ಮಜ್ಜಿಗೆ ಊರಲ್ಲೇ ಆಗಿದೆ, ಆಟದಲ್ಲೂ ಬೇಡ." ನಮ್ಮ ಕಡೆ ಬಾವಿ, ಬಾಗಿಲು, ಲೋಟ ಇವು ಕಲ್ಪನೆ ಅಲ್ಲ ಅನ್ನೋದು ನಂಗೆ ಅವತ್ತಿನ ತನಕ ಹೊಳೆದಿರ್ಲಿಲ್ಲ, ಅದು ನನ್ನ ತಪ್ಪೇ. ಅವತ್ತಿಂದ ಆಟ ಶುರುವಾಗೋಕೆ ಮುಂಚೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳ್ತೀನಿ, ನಿನ್ನ ಪಾತ್ರನ ಜನ ದೂರ ಇಡೋದು ಕಥೇಲಿ ಬೇಕಾ, ಎಷ್ಟು ಬೇಕು, ಯಾವುದು ಬೇಡವೇ ಬೇಡ. ಕೆಲವರು ಬೇಕು ಅಂತಾರೆ, ಆ ಹಳ್ಳಿಯೋರ ಎದುರು ತಲೆ ಎತ್ತಿ ನಿಲ್ಲೋದೇ ಅವರಿಗೆ ಬೇಕಿರತ್ತೆ, ಅಂಥವರಿಗೆ ಕೊಡಿ, ಗೆಲ್ಲೋ ದಾರಿನೂ ಇಡಿ. ಬೇಡ ಅಂದೋರಿಗೆ ಏನೂ ಕಾರಣ ಕೇಳ್ಬೇಡಿ. ಟೀಫ್ಲಿಂಗ್ ಆಗಿರೋದು ಅಂದ್ರೆ ಅವಮಾನ ಒಂದೇ ಅಲ್ವಲ್ಲ, ಬೆಂಕಿ ಅವಳನ್ನ ಅಷ್ಟಾಗಿ ಸುಡಲ್ಲ, ಕುಲುಮೆ ಕೆಲಸದೋರು ಅವಳನ್ನ ಕಂಡ್ರೆ ಬಾರಮ್ಮ ಅಂತ ಕರೀಬಹುದು, ಉರಿಯೋ ಮನೆಯೊಳಗೆ ಮೊದಲು ಹೋಗೋಳು ಅವಳೇ ಆಗಬಹುದು.

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮ ಮಾವ 1981ರ ಹಳೇ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಡಬ್ಬಿ ಕಳಿಸಿದಾರೆ. ಅದ್ರಲ್ಲಿ ಎಲ್ಫ್ ಅನ್ನೋದೇ ಒಂದು ಕ್ಲಾಸ್ (ಯೋಧ, ಮಾಂತ್ರಿಕ ಅನ್ನೋ ಥರ ಪಾತ್ರದ ಕಸುಬು), ಡ್ವಾರ್ಫ್ 12ನೇ ಲೆವೆಲ್‌ಗೆ ನಿಂತುಬಿಡ್ತಾನೆ. ಪ್ರಿಂಟ್ ತಪ್ಪಾ? (ಶಿವಮೊಗ್ಗ)

ಉತ್ತರ: ತಪ್ಪಲ್ಲ, ಬೇಕಂತಲೇ ಹಾಗೆ. ಎಲ್ಫ್ 10ಕ್ಕೆ, ಹಾಫ್ಲಿಂಗ್ ಅನ್ನೋ ಪುಟ್ಟ ಜನ 8ಕ್ಕೆ ನಿಲ್ತಾರೆ. 1974ರ ಮೊದಲ ಆಟದಲ್ಲಂತೂ ಡ್ವಾರ್ಫ್ 6, ಹಾಫ್ಲಿಂಗ್ 4, ಅಷ್ಟೇ. ಆಟ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್‌ಗೆ ಲೋಕ ಮನುಷ್ಯರ ಸುತ್ತಾನೇ ಇರ್ಬೇಕು ಅನ್ನೋದಿತ್ತು, ಬೇರೆಯವರಿಗೆ ಹುಟ್ಟಿನಿಂದ ಸೌಲಭ್ಯ ಜಾಸ್ತಿ, ಹಾಗಾಗಿ ಮೇಲೆ ತಡೆ. 2000ದಲ್ಲಿ ಮೂರನೇ ಆವೃತ್ತಿ ಬಂದಾಗ ಆ ತಡೆ ತೆಗೆದುಬಿಟ್ರು. ನನ್ನ ಕೇಳಿದ್ರೆ ತಡೆ ಬಿಟ್ಟು ಆಡಿ, ಯಾಕಂದ್ರೆ ಶುರುವಲ್ಲಿ ಸಿಕ್ಕ ಸೌಲಭ್ಯಕ್ಕೆ ಎರಡು ವರ್ಷ ಆದ್ಮೇಲೆ ದಂಡ ಕಟ್ಟಿಸೋದ್ರಲ್ಲಿ ಯಾರಿಗೂ ಖುಷಿ ಇಲ್ಲ. ಆದ್ರೆ ಎಲ್ಫ್ ಅನ್ನೋದೇ ಒಂದು ಕ್ಲಾಸ್ ಅನ್ನೋದನ್ನ ಹಾಗೇ ಉಳಿಸ್ಕೊಳ್ಳಿ, ಕತ್ತಿನೂ ಮಂತ್ರನೂ ಒಟ್ಟಿಗೆ ಬರೋದು ಅವರಿಗೆ ಉಸಿರಾಡಿದಷ್ಟೇ ಸಹಜ ಅಂತ ಅದು ಎಷ್ಟು ಚೆನ್ನಾಗಿ ಹೇಳತ್ತೆ.

ಪ್ರಶ್ನೆ: ಬೇಸಿಗೆ ರಜೇಲಿ ಮನೆ ಮಕ್ಕಳಿಗೆ ಪೂರ್ತಿ ಕನ್ನಡದಲ್ಲೇ ಆಡಿಸ್ತಿದೀನಿ. ಶೀಟಲ್ಲಿ ರೇಸ್ ಅಂತ ಇರೋ ಕಡೆ "ಜಾತಿ" ಅಂತ ಬರೆದೆ, ಪಕ್ಕದಲ್ಲಿದ್ದ ಚಿಕ್ಕಪ್ಪ "ಇದೇನಮ್ಮಾ ಇಲ್ಲೂ ಜಾತಿ ಕಾಲಮ್ಮಾ" ಅಂದ್ರು. ಏನಂತ ಬರೀಲಿ? (ದಾವಣಗೆರೆ)

ಉತ್ತರ: ಚಿಕ್ಕಪ್ಪ ಹೇಳಿದ್ದು ಸರಿ. ಇಂಗ್ಲಿಷಲ್ಲೂ ಆ ಪದ ಉಳಿದಿಲ್ಲ, ಪಾತ್‌ಫೈಂಡರ್ ಅನ್ನೋ ಇಂಥದ್ದೇ ಆಟದ 2019ರ ಎರಡನೇ ಆವೃತ್ತಿ ಅದನ್ನ ಆನ್ಸೆಸ್ಟ್ರಿ ಅಂತ ಮಾಡಿತು, ಡಿ ಆಂಡ್ ಡಿ 2024ರ ಪುಸ್ತಕದಲ್ಲಿ ಸ್ಪೀಶೀಸ್ ಅಂತ ಮಾಡಿದ್ರು. ನಮಗೆ "ಕುಲ" ಅಂದ್ರೂ ಅದೇ ಕಥೆ, "ಪ್ರಭೇದ" ಅಂದ್ರೆ ಜೀವಶಾಸ್ತ್ರದ ಪಾಠ ಇದ್ದಂಗಿರತ್ತೆ. ನಾನು ಬರೆಯೋದು "ಯಾವ ಜನ?" ಅಂತ, ಉತ್ತರ ಎಲ್ಫ್ ಜನ, ಓರ್ಕ್ ಜನ, ಮಕ್ಕಳ ಬಾಯಿಗೂ ಸಲೀಸು. ಇನ್ನೊಂದು ಮರೀಬೇಡಿ, ಡ್ವಾರ್ಫ್‌ನ "ಕುಳ್ಳ" ಅಂತ ಮಾತ್ರ ಮಾಡ್ಬೇಡಿ, ಶಾಲೇಲಿ ಆ ಪದ ದಿನಾ ಕೇಳಿಸ್ಕೊಳ್ಳೋ ಮಗು ನಿಮ್ಮ ಟೇಬಲ್ಲಲ್ಲೇ ಕೂತಿರಬಹುದು. ಡ್ವಾರ್ಫ್ ಅಂತಾನೇ ಬಿಡಿ, ಇಲ್ಲಾ "ಬೆಟ್ಟದ ಜನ" ಅನ್ನಿ, ನಮ್ಮನೇಲಿ ಈಗ ಅದೇ ನಡೀತಿದೆ.