ಸೈನಿಕನ ಕೈಯಿಂದ ಶುರು ಮಾಡಿ

ಬೀದರಿನ ಗೆಳೆಯರೆ,

ಹಳೆಯ ಗೇಮಿನ ಶೇಡರ್ ಅಸೆಂಬ್ಲಿಯನ್ನು, ಅಂದರೆ ಚಿತ್ರ ಹೇಗೆ ಕಾಣಬೇಕು ಎಂದು ಗ್ರಾಫಿಕ್ಸ್ ಚಿಪ್ಪಿಗೆ ಹೇಳುವ ಪುಟ್ಟ ಪ್ರೋಗ್ರಾಮುಗಳ ಕೋಡನ್ನು, ಮೈಕ್ರೋಸಾಫ್ಟಿನ ಗ್ರಾಫಿಕ್ಸ್ ವ್ಯವಸ್ಥೆ ಡೈರೆಕ್ಟ್‌ಎಕ್ಸ್ 8ರಿಂದ 9ಕ್ಕೆ ತಂದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಬಿದರಿ ಕಲೆ. ಕೋಟೆಯ ಮಣ್ಣು ತಾಗಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ, ಹಳೆಯ ಕೋಡೂ ಹಾಗೆಯೇ ಎನ್ನುತ್ತೀರಿ. ಹೇಗೆ ಹಾಗೆಯೇ? ನನಗಂತೂ ತಿಳಿಯಲಿಲ್ಲ. ನಿಮ್ಮ ಊರಿನಿಂದ ಕವಿತೆ ಬರಲಿ, ತೊಗರಿ ಬೆಳೆಯ ಲೇಖನ ಬರಲಿ, ಒಳಗೊಂದು ಬಿದರಿ ಹೂಜಿ ಇದ್ದೇ ಇರುತ್ತದೆ! ತೆಗೆದುಬಿಡಿ.

ಐದನೇ ಪುಟದಲ್ಲಿ ಒಂದೇ ಒಂದು ಸಾಲಿದೆ: ‘ಆಗ ಸೈನಿಕನ ಕೈ ತಿರುಚಿಕೊಂಡಿತು, ಸರಿ ಮಾಡಿದೆ.’ ಅಲ್ಲರೀ, ಲೇಖನ ಇರುವುದೇ ಅಲ್ಲಿ! ನೀವು ಜೊತೆಗೆ ಇಟ್ಟಿದ್ದ ಕೋಡ್ ನೋಡಿದ ಮೇಲೆ ನನಗೆ ಕಥೆ ಗೊತ್ತಾಯಿತು. ವರ್ಟೆಕ್ಸ್ ಶೇಡರ್ ಅಂದರೆ ಆಕೃತಿಯ ಬಿಂದುಗಳನ್ನು ಜಾಗಕ್ಕೆ ಕೂರಿಸುವ ಶೇಡರ್. ಅದರ 1.1ನೇ ಆವೃತ್ತಿಯಲ್ಲಿ ‘ಮೊವ್’ ಆದೇಶ ಎ0 ರಿಜಿಸ್ಟರಿಗೆ (ಎಷ್ಟನೇ ಸಾಲು ಓದಬೇಕು ಎಂದು ಇಟ್ಟುಕೊಳ್ಳುವ ಜಾಗಕ್ಕೆ) ಸಂಖ್ಯೆ ಹಾಕುವಾಗ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. 12 ಬರಬೇಕಾದ ಕಡೆ 11.99 ಬಂದರೆ 11 ಆಗಿಬಿಡುತ್ತದೆ. ಅದಕ್ಕೆ ಆ ಹಳೆಯ ಪ್ರೋಗ್ರಾಮರ್ ಮೊದಲೇ 0.5 ಕೂಡಿಸಿದ್ದ. ಜಾಣ. ನೀವು ಆ ಶೇಡರನ್ನು 2.0ಕ್ಕೆ ಏರಿಸಿದಿರಿ. ಅಲ್ಲಿ ಎ0ಗೆ ‘ಮೊವ್’ ನಡೆಯುವುದಿಲ್ಲ, ‘ಮೊವ್‌ಎ’ ಬೇಕು. ಅದು ಹತ್ತಿರದ ಪೂರ್ಣಾಂಕಕ್ಕೆ ಹೋಗುತ್ತದೆ. 12.01ಕ್ಕೆ ಅರ್ಧ ಕೂಡಿದರೆ 12.51, ಅಂದರೆ 13. ಗೇಮಿನ ಸೈನಿಕನ ಒಂದೊಂದು ಮೂಳೆಗೆ, ಅದು ಎಲ್ಲಿ, ಹೇಗೆ ತಿರುಗಿರಬೇಕು ಎಂದು ಹೇಳುವ ಮೂರು ಸಾಲಿನ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಕೋಷ್ಟಕ. ಒಂದು ಸಾಲು ಆಚೆ ಸರಿದರೆ ಪಕ್ಕದ ಮೂಳೆಯ ಸಾಲು ಬಂದು ಸೇರಿಕೊಳ್ಳುತ್ತದೆ. ಕೈ ತಿರುಚದೆ ಇನ್ನೇನಾಗುತ್ತದೆ?

ನೀವು ಮಾಡಿದ್ದು ಆ 0.5 ಕೂಡಿಸುವ ಸಾಲನ್ನು ಅಳಿಸಿದ್ದು, ಅಷ್ಟೇ. ಆದರೆ ಅಳಿಸಬೇಕಾದ ಸಾಲು ಅದೇ ಎಂದು ತಿಳಿಯಲು ಎಷ್ಟು ರಾತ್ರಿ ಹಿಡಿಯಿತು? ಮೊದಲು ಯಾವುದರ ಮೇಲೆ ಅನುಮಾನ ಪಟ್ಟಿರಿ? ಅದನ್ನು ಬರೆಯಿರಿ.

ಹೋಲಿಕೆ ಬೇಕೇ ಬೇಕು ಅಂದರೆ ಮನೆಮಾತಿನಲ್ಲೇ ಇದೆ. ನಮ್ಮ ಕಡೆ ‘ಫೋನ್ ಹಚ್ಚು’ ಅಂದರೆ ಕರೆ ಮಾಡು. ಬೆಂಗಳೂರಿನಲ್ಲಿ ಹಾಗಂದು ನೋಡಿ, ಫೋನಿಗೆ ಬೆಂಕಿ ಯಾಕೆ ಎಂದು ಕೇಳುತ್ತಾರೆ. ಮಾತು ಒಂದೇ, ಜಾಗ ಬದಲಾದರೆ ಅರ್ಥ ಬೇರೆ, ಆ 0.5ರ ಹಾಗೆಯೇ. ಎರಡು ಸಾಲಿನಲ್ಲಿ ಮುಗಿಸಿ, ಜಾಸ್ತಿ ಬೇಡ.

ಶೇಡರಿಗೆ ‘ಛಾಯಾಕಾರಕ’ ಎಂದು ಬರೆದಿದ್ದೀರಿ. ಗೆಳೆಯರ ಜೊತೆ ಚಹಾ ಕುಡಿಯುವಾಗ ಹಾಗೆ ಅನ್ನುತ್ತೀರಾ? ಇಲ್ಲ ಅಲ್ವಾ?

ಒಂದು ಕಡೆ ತಪ್ಪಿದ್ದೀರಿ. ಪಿಕ್ಸೆಲ್ ಶೇಡರಿನ (ಬಣ್ಣದ ಲೆಕ್ಕ ಹಾಕುವ ಶೇಡರಿನ) ಸ್ಥಿರಾಂಕಗಳು, ಅಂದರೆ ಗೇಮ್ ಅದಕ್ಕೆ ಕೊಡುವ ಸಂಖ್ಯೆಗಳು, 2.0ದಲ್ಲೂ ಹಾಗೇ ನಡೆಯುತ್ತವೆ ಎಂದಿದ್ದೀರಿ. ನಡೆಯುವುದಿಲ್ಲ. 1.1ರಿಂದ 1.4ರವರೆಗೆ ಅವು −1ರಿಂದ 1ರೊಳಗೇ ಇರಬೇಕು. ಗೇಮ್ 2 ಕೊಟ್ಟರೂ 1 ಎಂದೇ ಲೆಕ್ಕ. 2.0ದಲ್ಲಿ ಆ ಬೇಲಿ ಇಲ್ಲ, ನೀವೇ ಕಟ್ಟಬೇಕು. ನಿಮ್ಮ ಗೇಮಿನಲ್ಲಿ ಯಾವುದಾದರೂ ದೀಪ ಅತಿಯಾಗಿ ಉರಿಯುತ್ತಿದೆಯಾ, ನೋಡಿ.

ಯಾವ ರಿಜಿಸ್ಟರಿಗೆ ಏನು ಬರುತ್ತದೆ ಎಂದು ಡೈರೆಕ್ಟ್‌ಎಕ್ಸ್ 8ರಲ್ಲಿ ಶೇಡರಿನ ಹೊರಗೆ ಹೇಳುತ್ತಿದ್ದರು, 9ರಲ್ಲಿ ಒಳಗೇ ‘ಡಿಸಿಎಲ್’ ಸಾಲು ಬರೆಯಬೇಕು ಎಂಬ ಭಾಗ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಸಾವಿರ ಪದ ಸಾಕು. ಕೈ ತಿರುಚಿದ್ದಾಗ ತೆಗೆದ ಸ್ಕ್ರೀನ್‌ಶಾಟ್ ಇದ್ದರೆ ಅದನ್ನೂ ಕಳಿಸಿ. ಸರಿಯಾದ ಮೇಲಿನದು ಬೇಡ.

ಸಂಪಾದಕ,
ಕಲಬುರಗಿ