ಅಡಿಕೆ ತೋಟದ ಸೆನ್ಸರ್ ಜಾಲದಲ್ಲಿ ಬ್ಯಾಟರಿ ಉಳಿಸಲು ಲೀಚ್ ಒಳ್ಳೆಯದೋ, ಪೆಗಾಸಿಸ್ ಒಳ್ಳೆಯದೋ?

ಲೀಚ್, ಪೆಗಾಸಿಸ್ ಎರಡೂ ರೂಟಿಂಗ್ ವಿಧಾನಗಳು, ಅಂದರೆ ಒಂದು ಸೆನ್ಸರಿನ ಸಂದೇಶ ಯಾರ ಮೂಲಕ ದಾಟಿ ಹೋಗಬೇಕು ಎಂದು ತೀರ್ಮಾನಿಸುವವು. ಯಾವುದು ಒಳ್ಳೆಯದು ಎಂದು ಕೇಳಿದ ನೀವು ಬರೆದದ್ದು ಇಷ್ಟು: ಎಂಟೆಕ್ ಪ್ರಾಜೆಕ್ಟು, ಬದಿಯಡ್ಕ ಕಡೆ ಎರಡು ಎಕರೆ ಅಡಿಕೆ ತೋಟ, ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳು. ಊರಿನ ಹೆಸರೊಂದು ಬದಲಿಸಿದರೆ ಇದು ನನ್ನದೇ ಕಥೆ. ನಾನು ಮಾಡಿದ್ದು ಪೆರ್ಲದ ಹತ್ತಿರ, ಸೋದರಮಾವನ ತೋಟದಲ್ಲಿ.

ಕಾಲೇಜಿನಿಂದ ಟೆಲಾಸ್‌ಬಿ ಎಂಬ 24 ಪುಟ್ಟ ರೇಡಿಯೋ ಬೋರ್ಡುಗಳನ್ನು ಎರವಲು ತಂದಿದ್ದೆ. ಒಂದೊಂದಕ್ಕೆ ಎರಡು ಪೆನ್ಸಿಲ್ ಸೆಲ್. ಉಪ್ಪಿನಕಾಯಿ ಡಬ್ಬಿಯೊಳಗೆ ಕೂರಿಸಿ, ಅಡಿಕೆ ಮರಕ್ಕೆ ಸೊಂಟದ ಎತ್ತರದಲ್ಲಿ ಕಟ್ಟಿದೆ. ಪಂಪ್ ಶೆಡ್ಡಿನಲ್ಲಿ ಲ್ಯಾಪ್‌ಟಾಪ್. ಪ್ರತಿ 15 ನಿಮಿಷಕ್ಕೊಮ್ಮೆ ಒಂದು ಸಂದೇಶ. ರೂಟಿಂಗಿಗೆ ಲೀಚ್, ಅದರ ಮೇಲೆ ಕ್ಲಸ್ಟರ್ ಹೆಡ್ (ಒಂದು ಗುಂಪಿನ ಸಂದೇಶವನ್ನೆಲ್ಲ ಸೇರಿಸಿ ಮುಂದೆ ಕಳಿಸುವ ಡಬ್ಬಿ) ಆರಿಸಲು ನನ್ನದೇ ಒಂದು 'ಸುಧಾರಣೆ'. ಸಿಮ್ಯುಲೇಶನ್‌ನಲ್ಲಿ ಜಾಲದ ಆಯುಷ್ಯ ಚೆನ್ನಾಗಿಯೇ ಹೆಚ್ಚಿತ್ತು. ಗೈಡ್‌ಗೂ ಖುಷಿ, ನನಗೂ ಖುಷಿ.

ಐದನೇ ದಿನ ಸಾಯಂಕಾಲ ಡಬ್ಬಿಗಳು ಸಾಲಾಗಿ ಸತ್ತವು. ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲವೂ ಒಂದೇ ರಾತ್ರಿಯಲ್ಲಿ. ಪೆರ್ಲದ ಅಂಗಡಿಗೆ ಹೋಗಿ 48 ಸೆಲ್ ಕೇಳಿದರೆ ಅಂಗಡಿಯವರು ಮದುವೆ ಮನೆಯ ಅಲಂಕಾರಕ್ಕಾ ಎಂದು ಕೇಳಿದರು. ಹೊಸ ಸೆಲ್ ಹಾಕಿದೆ. ಮತ್ತೆ ಐದೇ ದಿನ. ಮಾವ ಜಗಲಿಯಲ್ಲಿ ಎಲೆ ಹಾಕುತ್ತಾ ಕೂತಿದ್ದರು. "ಎಂತದು ಮಾರಾಯ, ಈ ಗೋಡೆ ಗಡಿಯಾರ ಒಂದೇ ಸೆಲ್ಲಿನಲ್ಲಿ ವರ್ಷ ಓಡ್ತದೆ. ನಿನ್ನದಕ್ಕೆ ಎರಡು ಹಾಕಿದರೂ ವಾರ ದಾಟುವುದಿಲ್ಲ" ಎಂದರು.

ಆ ರಾತ್ರಿ ಮೊದಲ ಸಲ ಮಲ್ಟಿಮೀಟರ್ ಹಿಡಿದೆ. ಮೊದಲ ಸಲ! ಅಲ್ಲಿಯವರೆಗೆ ಗ್ರಾಫ್ ಬಿಟ್ಟರೆ ಬೇರೇನೂ ನೋಡಿರಲಿಲ್ಲ. ಸಂದೇಶ ಹೋಗುವಾಗ ಕರೆಂಟು ಏರಿ, ಆಮೇಲೆ ಸೊನ್ನೆಯ ಹತ್ತಿರ ಇಳಿಯಬೇಕು ಅಂತ ನನ್ನ ಎಣಿಕೆ. ಮೀಟರಿನಲ್ಲಿ 19 ಮಿಲಿಆಂಪಿಯರ್. ಒಂದು ನಿಮಿಷ ಕಾದೆ, 19. ಊಟ ಮಾಡಿ ಬಂದೆ, 19.

ನನ್ನ ತಪ್ಪು ಇದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಬೋರ್ಡಿನ ರೇಡಿಯೋ ಸಿಸಿ2420. ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ ಅದು ತಿನ್ನುವುದು 17.4 ಮಿಲಿಆಂಪಿಯರ್. ಸುಮ್ನೆ ಕಿವಿ ತೆರೆದು ಕೂತಾಗ 18.8. ಅಂದರೆ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ದುಬಾರಿ, ಎದುರಿಗೆ ಯಾರೂ ಮಾತಾಡದೇ ಇದ್ದಾಗಲೂ. ಈಗ ಲೆಕ್ಕ ಹಾಕಿ. ನನ್ನ ಸಂದೇಶ 40 ಬೈಟು. ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಅದು ಹೋಗಲು 1.3 ಮಿಲಿಸೆಕೆಂಡು ಸಾಕು. ದಿನಕ್ಕೆ 96 ಸಂದೇಶ. ಒಟ್ಟು 0.12 ಸೆಕೆಂಡು. ಒಂದು ಡಬ್ಬಿ ಉಳಿದ 23 ಡಬ್ಬಿಗಳ ಸಂದೇಶವನ್ನೂ ಹೊತ್ತಿತು ಅಂದುಕೊಂಡರೂ 3 ಸೆಕೆಂಡು. ದಿನದಲ್ಲಿ ಇರುವುದು 86,400 ಸೆಕೆಂಡು, ಅಷ್ಟೂ ಹೊತ್ತು ರೇಡಿಯೋ ಎಚ್ಚರ. ನಾನು ಆರು ತಿಂಗಳು ತಲೆಕೆಡಿಸಿಕೊಂಡದ್ದು ಆ 3 ಸೆಕೆಂಡಿನಲ್ಲಿ ಅರ್ಧ ಉಳಿಸಲು. 2500 ಮಿಲಿಆಂಪಿಯರ್-ಗಂಟೆಯ ಸೆಲ್ಲನ್ನು 19ರಿಂದ ಭಾಗಿಸಿ ನೋಡಿ, ಐದೂವರೆ ದಿನ. ಉತ್ತರ ಡೇಟಾಶೀಟಿನಲ್ಲೇ ಇತ್ತು.

ಸಿಮ್ಯುಲೇಶನ್ ಯಾಕೆ ಹೇಳಲಿಲ್ಲ? ಅದರಲ್ಲಿ ಬರೆದ ಖರ್ಚು ಇಷ್ಟೇ: ಕಳಿಸಿದ ಬಿಟ್ಟಿಗೂ ಪಡೆದ ಬಿಟ್ಟಿಗೂ 50 ನ್ಯಾನೋಜೌಲ್, ಜೊತೆಗೆ ದೂರದ ವರ್ಗಕ್ಕೆ ತಕ್ಕ ಖರ್ಚು. ಎಲ್ಲರೂ ಬಳಸುವ ಲೆಕ್ಕ ಇದು, ನಿಮ್ಮ ಕೋಡಿನಲ್ಲೂ ಇದೇ ಇರುತ್ತದೆ. ಸುಮ್ನೆ ಕಾಯುವುದಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಒಂದೊಂದು ನೋಡ್‌ಗೆ, ಅಂದರೆ ಒಂದೊಂದು ಡಬ್ಬಿಗೆ, ಸಿಮ್ಯುಲೇಶನ್ ಕೊಡುವ ಶಕ್ತಿ ಅರ್ಧ ಜೌಲ್. ಎರಡು ಪೆನ್ಸಿಲ್ ಸೆಲ್ಲಿನಲ್ಲಿ 27,000 ಜೌಲ್ ಇರುತ್ತದೆ ಮಾರಾಯ್ರೇ!

ಲೀಚ್ ಬರೆದವರನ್ನು ಬೈಯುವ ಹಾಗಿಲ್ಲ. 2000ನೇ ಇಸವಿಯ ಆ ಪ್ರಬಂಧದಲ್ಲಿ ಹೈನ್ಜೆಲ್‌ಮನ್ ಮತ್ತು ಜೊತೆಯವರು ಸ್ಪಷ್ಟವಾಗಿಯೇ ಬರೆದಿದ್ದಾರೆ: ಕ್ಲಸ್ಟರ್ ಹೆಡ್ ಪ್ರತಿ ನೋಡ್‌ಗೂ ಒಂದು ಸಮಯ ಕೊಡುತ್ತದೆ, ಉಳಿದ ಹೊತ್ತು ಆ ನೋಡ್ ರೇಡಿಯೋ ಆಫ್ ಮಾಡಿ ಮಲಗಬಹುದು. ಎಲ್ಲ ಡಬ್ಬಿಗಳ ಗಡಿಯಾರ ಹೊಂದಿಸುವುದು ಕಷ್ಟ ಅಂತ ನಾನು ಆ ಭಾಗ ಬಿಟ್ಟುಬಿಟ್ಟಿದ್ದೆ. ಹೆಡ್ ಆರಿಸುವ ಸೂತ್ರ ಮಾತ್ರ ತೆಗೆದುಕೊಂಡೆ. ಹಣ್ಣು ಎಸೆದು ಸಿಪ್ಪೆ ತಿಂದ ಹಾಗೆ.

ಆಮೇಲೆ ಲೀಚ್ ಕಿತ್ತುಹಾಕಿದೆ. ಬೋರ್ಡಿನ ಆಪರೇಟಿಂಗ್ ಸಿಸ್ಟಮ್ ಟೈನಿಓಎಸ್ ಜೊತೆಗೇ ಬರುವ ರೂಟಿಂಗ್ ವಿಧಾನ, ಕಲೆಕ್ಷನ್ ಟ್ರೀ ಪ್ರೋಟೋಕಾಲ್ ಹಾಕಿ, ಲೋ ಪವರ್ ಲಿಸನಿಂಗ್ ಆನ್ ಮಾಡಿದೆ. ಮೇಕ್‌ಫೈಲಿನಲ್ಲಿ ಒಂದು ಸಾಲು, ಎಷ್ಟು ಹೊತ್ತಿಗೊಮ್ಮೆ ಏಳಬೇಕು ಎಂದು ಹೇಳಲು ಕೋಡಿನಲ್ಲಿ ಒಂದು ಸಾಲು. ಸೆಕೆಂಡಿಗೊಮ್ಮೆ ಹತ್ತು ಮಿಲಿಸೆಕೆಂಡು ಕಿವಿಗೊಟ್ಟು ಮತ್ತೆ ನಿದ್ದೆ. ಫೆಬ್ರವರಿಯಲ್ಲಿ ಹಾಕಿದ ಸೆಲ್ ಮೇ ಕೊನೆಗೆ, ಮಳೆಗೆ ಮುಂಚೆ ಡಬ್ಬಿ ಬಿಚ್ಚುವಾಗಲೂ ಜೀವಂತ.

ರೂಟಿಂಗ್ ಲೆಕ್ಕಕ್ಕೆ ಬರುವುದು ಇಲ್ಲಿಂದ ಮುಂದೆ. ಪಕ್ಕದವನು ಮಲಗಿದ್ದರೆ ಅವನು ಏಳುವವರೆಗೆ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕೂಗಬೇಕು, ಸರಾಸರಿ ಅರ್ಧ ಸೆಕೆಂಡು. ಹತ್ತು ಡಬ್ಬಿಗಳ ಮಾತು ದಾಟಿಸುವ ನೋಡ್‌ಗೆ ದಿನಕ್ಕೆ ಎಂಟು ನಿಮಿಷ. ಅದರ ಕಿವಿಯ ಖರ್ಚು ಹದಿನಾಲ್ಕು ನಿಮಿಷ. ಈಗ ಹೊರೆ ಹಂಚುವುದಕ್ಕೆ ಅರ್ಥ ಇದೆ, ಅಲ್ವಾ?

ಪೆಗಾಸಿಸ್ ಬಗ್ಗೆ ಒಂದೇ ಮಾತು. ಡಬ್ಬಿಗಳನ್ನು ಸರಪಳಿಯಂತೆ ಜೋಡಿಸಿ, ಅದರಲ್ಲಿ ಬರುವ ಎಲ್ಲ ಅಳತೆಯನ್ನೂ ಬೆರೆಸಿ ಒಂದೇ ಸಂದೇಶ ಮಾಡಬಹುದು ಅಂತ ಅದರ ನಂಬಿಕೆ. ತೋಡಿನ ಬದಿಯ ಕೆಸರಿಗೂ ಗುಡ್ಡೆ ಬದಿಯ ಒಣ ಮಣ್ಣಿಗೂ ಸರಾಸರಿ ತೆಗೆದು ಕೊಟ್ಟರೆ ಮಾವ ಯಾವ ಗೇಟ್‌ವಾಲ್ವ್ ತಿರುಗಿಸಬೇಕು?

ನನ್ನನ್ನು ಕೇಳಿದರೆ ಎರಡೂ ಬೇಡ. ಎರಡು ಎಕರೆಗೆ ರೂಟಿಂಗೇ ಬೇಡ. ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ಲೋರಾ ರೇಡಿಯೋ ಮಾಡ್ಯೂಲ್ ತೆಗೆದುಕೊಳ್ಳಿ. 865ರಿಂದ 867 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಮನೆಯ ಮಾಡಿನ ಮೇಲೆ ಒಂದು ಗೇಟ್‌ವೇ, ಎಲ್ಲ ನೋಡ್‌ಗಳೂ ನೇರ ಅದಕ್ಕೇ ಹೇಳುತ್ತವೆ, ಹೇಳಿ ಮಲಗುತ್ತವೆ. ಸ್ಪ್ರಿಂಕ್ಲರ್ ಬಿಟ್ಟು ಸೋಗೆಯೆಲ್ಲ ಒದ್ದೆಯಾದಾಗ ನನ್ನ ಬೋರ್ಡಿನ 2.4 ಗಿಗಾಹರ್ಟ್ಸ್ ರೇಡಿಯೋ ಪಡುವ ಪಾಡು ಅದಕ್ಕೆ ಅಷ್ಟಾಗಿ ಇಲ್ಲ. ಗೈಡ್ ಒಪ್ಪುವುದಿಲ್ಲ, ಶೀರ್ಷಿಕೆಯಲ್ಲಿ ರೂಟಿಂಗ್ ಇರಲೇಬೇಕು ಅಂದರೆ ಕಾಂಟಿಕಿ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದರದೇ ರೂಟಿಂಗ್ ಆರ್‌ಪಿಎಲ್ ಹಾಕಿ, ಅದರ ಸಿಮ್ಯುಲೇಟರ್ ಕೂಜಾದಲ್ಲಿ ರೇಡಿಯೋ ಎಷ್ಟು ಹೊತ್ತು ಎಚ್ಚರ ಇತ್ತು ಎಂಬುದನ್ನು ಅಳೆದು ಅದನ್ನೇ ಫಲಿತಾಂಶವಾಗಿ ಬರೆಯಿರಿ. ಇನ್ನೊಂದು ಹೊಸ ಕ್ಲಸ್ಟರ್ ಹೆಡ್ ಸೂತ್ರ ಮಾತ್ರ ದಯವಿಟ್ಟು ಬೇಡ.

ಉಪ್ಪಿನಕಾಯಿ ಡಬ್ಬಿ ಬೇಕಾದರೆ ಹೇಳಿ. ನನ್ನ ಹತ್ತಿರ ಹದಿನೈದೋ ಹದಿನಾರೋ ಉಳಿದಿವೆ. ಮುಚ್ಚಳದ ಹತ್ತಿರ ಸ್ವಲ್ಪ ಮೇಣ ಹಚ್ಚಬೇಕು, ಇಲ್ಲದಿದ್ದರೆ ಇರುವೆ ಹೊಕ್ಕುತ್ತದೆ.