ಮುಲಾಜಿಗೆ ಬಿದ್ದು ಕಾರು ಕೊಂಡವರು

ಬಂದವರು ನಲವತ್ತರ ಆಸುಪಾಸಿನ ಗಂಡಸು. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಒಂದು ಸಂಸ್ಥೆಯ ಖರೀದಿ ವಿಭಾಗದಲ್ಲಿ ಕೆಲಸ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.

ಅವರು ಹೇಳಿಕೊಂಡ ತೊಂದರೆ ಇದು: ನಿದ್ದೆ ಸರಿಯಾಗಿ ಬರುತ್ತಿಲ್ಲ, ಹೆಂಡತಿ ಜೊತೆ ಮಾತು ಕಡಿಮೆಯಾಗಿದೆ, ಕಾರಿನ ಮಾತು ಬಂದರೆ ಸಾಕು ಹೊಟ್ಟೆ ಹಿಂಡಿದ ಹಾಗೆ ಆಗುತ್ತದೆ. "ಕಾರಿನ ವಿಷಯಕ್ಕೆಲ್ಲ ಕೌನ್ಸೆಲಿಂಗ್‌ಗೆ ಬರ್ತಾರಾ ಮೇಡಂ?" ಎಂದು ಕೂತ ತಕ್ಷಣ ಕೇಳಿದರು. ಖಂಡಿತ ಬರಬಹುದು. ಹಣ ಹೋದ ನೋವು ಹೇಗೋ ಕಳೆಯುತ್ತದೆ. 'ನಾನು ಪೆದ್ದನಾದೆ' ಅನ್ನುವ ನೋವು ಮಾತ್ರ ಬೇಗ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಅವರು ಒಬ್ಬ ಡೀಲರ್ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಸೇಲ್ಸ್‌ಮನ್ ಮೊದಲು ಕೇಳಿದ್ದು, "ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ ಸರ್?" ಇವರು ಒಂದು ಮೊತ್ತ ಹೇಳಿದರು. ಆಮೇಲೆ ಇಡೀ ಮಾತುಕತೆ ಆ ಕಂತಿನ ಸುತ್ತಲೇ ನಡೆಯಿತು. ಕಾರಿನ ಬೆಲೆ ಎಷ್ಟು, ಹಳೆಯ ಕಾರಿಗೆ ಎಷ್ಟು ಕೊಡುತ್ತಿದ್ದಾರೆ, ಬಡ್ಡಿ ಎಷ್ಟು, ಇವು ಮೂರೂ ಒಂದೇ ಹಾಳೆಯ ಮೇಲೆ ಕಲಸಿಹೋದವು. ಮಧ್ಯೆ ಸೇಲ್ಸ್‌ಮನ್ "ಮ್ಯಾನೇಜರ್ ಹತ್ರ ನಿಮ್ಮ ಪರವಾಗಿ ಮಾತಾಡಿ ಬರ್ತೀನಿ" ಎಂದು ಒಳಗೆ ಹೋಗುತ್ತಿದ್ದ, ಬರುತ್ತಿದ್ದ. ಮಧ್ಯಾಹ್ನ ಹೋದವರಿಗೆ ಕತ್ತಲಾಯಿತು. ಚಿಕ್ಕ ಮಗ ಸೋಫಾದ ಮೇಲೆ ನಿದ್ದೆ ಹೋದ. ಸಹಿ ಹಾಕುವ ಹೊತ್ತಿಗೆ ಇನ್ನೆರಡು ಶುಲ್ಕ ಸೇರಿಕೊಂಡಿದ್ದವು. ಇವರು ಅದನ್ನು ನೋಡಿದರು. ಆದರೂ ಸಹಿ ಹಾಕಿದರು.

"ಆ ಹುಡುಗ ನಮಗೋಸ್ಕರ ಅಷ್ಟು ಓಡಾಡಿದ್ದ. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ."

ಮುಂದಿನ ವಾರ ಮನೆಗೆ ಬಂದ ಅಕ್ಕನ ಗಂಡ ಕಾರು ನೋಡಿ, ಬೆಲೆ ಕೇಳಿ, ಎಲ್ಲರ ಎದುರು ನಕ್ಕರು. "ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಕಣಯ್ಯ." ಹೆಂಡತಿ ಅಲ್ಲಿ ಏನೂ ಹೇಳಲಿಲ್ಲ. ರಾತ್ರಿ, "ಭಾವನ್ನ ಕರ್ಕೊಂಡು ಹೋಗಿದ್ರೆ ಆಗ್ತಿತ್ತು" ಎಂದರು. ಈಗ ಆ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿದೆ. ಇನ್ನೊಂದು ಕಾರು ಕೊಳ್ಳಲೇಬೇಕು. ಎರಡು ಬಾರಿ ಡೀಲರ್ ಅಂಗಳದ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದಾರೆ.

ನಾನು ಅವರ ಕೆಲಸದ ಬಗ್ಗೆ ಕೇಳಿದೆ. ಸಂಸ್ಥೆಗೆ ಕುರ್ಚಿ, ಪ್ರಿಂಟರ್, ಕಾಗದ ಕೊಳ್ಳುವುದು ಅವರೇ. ಅಲ್ಲಿ ಮೂರು ಕಡೆ ಕೊಟೇಶನ್ ತರಿಸುತ್ತಾರೆ, ಹೋಲಿಸುತ್ತಾರೆ, "ಈ ರೇಟಿಗೆ ಆಗಲ್ಲ" ಎಂದು ಫೋನಿನಲ್ಲೇ ಹೇಳುತ್ತಾರೆ. ಅದನ್ನು ಹೇಳುವಾಗ ಅವರ ದನಿಯೇ ಬೇರೆ. ಹಾಗಾದರೆ ಚೌಕಾಸಿ ಬರುವುದಿಲ್ಲ ಅನ್ನುವುದು ನಿಜವಲ್ಲ, ಅಲ್ವಾ? ಬೇರೆಯವರಿಗಾಗಿ ಕೇಳಬಲ್ಲರು, ತಮಗಾಗಿ ಕೇಳಲಾರರು. ನಾನು ನೋಡಿರುವ ಎಷ್ಟೋ ಜನರಲ್ಲಿ ಇದು ಇದೆ. ತಮಗೋಸ್ಕರ ಕೇಳುವುದೆಂದರೆ ಜಗಳ, ದುರಾಸೆ, ಎದುರುತ್ತರ ಎಂದು ಚಿಕ್ಕಂದಿನಲ್ಲೇ ಮನಸ್ಸಿಗೆ ಇಳಿದಿರುತ್ತದೆ. ಇವರ ಮನೆಯಲ್ಲೂ ತಂದೆ ಮುಂದೆ "ಬೇಡ" ಅನ್ನುವ ಹಾಗಿರಲಿಲ್ಲವಂತೆ.

ಹಾಗಾಗಿ ನಮ್ಮ ಕೆಲಸ ಅವರಿಗೆ ಜಾಣ ಮಾತು ಕಲಿಸುವುದಾಗಿರಲಿಲ್ಲ. ಎದ್ದು ಬರಲು ತಮಗೆ ತಾವೇ ಅನುಮತಿ ಕೊಟ್ಟುಕೊಳ್ಳುವುದು ಮುಖ್ಯವಾಗಿತ್ತು. ನನ್ನ ಮಟ್ಟಿಗೆ ಹಳೆಯ ಕಾರಿನ ಚೌಕಾಸಿಯಲ್ಲಿ ಇರುವ ನಿಜವಾದ ಬಲ ಇದೊಂದೇ: ಈ ಕಾರು ಸಿಗದಿದ್ದರೂ ನಡೆಯುತ್ತದೆ ಎಂದು ಒಳಗೆ ಗೊತ್ತಿರುವುದು.

ಮೊದಲು ಅವರ ಪೆದ್ದತನದ ತೀರ್ಪನ್ನು ಸ್ವಲ್ಪ ಸಡಿಲ ಮಾಡಬೇಕಿತ್ತು. 1995ರಲ್ಲಿ ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಚಿಕಾಗೊ ಸುತ್ತಲಿನ ಹೊಸ ಕಾರಿನ ಡೀಲರ್‌ಗಳ ಬಳಿ ಅವರು ತರಬೇತಿ ಕೊಟ್ಟ ಜನರನ್ನು ಕಳಿಸಿದರು. ಎಲ್ಲರೂ ಒಂದೇ ರೀತಿ ಮಾತಾಡಬೇಕು, ಒಂದೇ ರೀತಿ ಚೌಕಾಸಿ ಮಾಡಬೇಕು. ಆದರೂ ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಂಗಸರಿಗೆ, ಕಪ್ಪು ಜನರಿಗೆ ಹೇಳಿದ ಬೆಲೆ ಜಾಸ್ತಿ ಇತ್ತು. ಮಾತು ಒಂದೇ ಆದರೂ ಬೆಲೆ ಬೇರೆ. ಅಂದರೆ ಸಿಕ್ಕ ಬೆಲೆಯಿಂದ ನಿಮ್ಮ ಬುದ್ಧಿಯನ್ನು ಅಳೆಯಲು ಆಗುವುದಿಲ್ಲ. ಅವರು ತುಂಬ ಹೊತ್ತು ಸುಮ್ಮನಿದ್ದು, "ಇದನ್ನ ನನ್ನ ಹೆಂಡ್ತಿಗೂ ಹೇಳ್ತೀರಾ?" ಎಂದು ಕೇಳಿದರು.

ಆಮೇಲೆ ಮನೆಯಲ್ಲಿ ಮಾಡುವ ಕೆಲಸ. ಕಚೇರಿಯಲ್ಲಿ ಮಾಡುವುದನ್ನೇ ಮನೆಗೂ ಮಾಡಿ ಎಂದೆ. ಬೇಕಾದ ಮಾದರಿ, ಅದೇ ವರ್ಷ, ಹೆಚ್ಚುಕಡಿಮೆ ಅಷ್ಟೇ ಓಡಿದ ಕಾರುಗಳು ಬೇರೆ ಬೇರೆ ಕಡೆ ಎಷ್ಟಕ್ಕೆ ಮಾರಾಟಕ್ಕಿವೆ ಎಂದು ಬರೆದುಕೊಳ್ಳಬೇಕು. ತೀರ ಅಗ್ಗದ್ದು, ತೀರ ದುಬಾರಿಯದ್ದು ಬಿಟ್ಟು ನಡುವಿನ ಬೆಲೆ ನೋಡಬೇಕು. ಜಾಹೀರಾತಿನಲ್ಲಿ ಇರುವುದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ ಅನ್ನುವುದು ನೆನಪಿರಲಿ. ಕಿಲೋಮೀಟರ್ ನೋಡುವಾಗಲೂ ಹುಷಾರು. ಎರಡು ಕೋಟಿಗೂ ಹೆಚ್ಚು ಕಾರುಗಳ ಸಗಟು ಮಾರಾಟವನ್ನು ನೋಡಿ ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಓಡೋಮೀಟರ್ ಪ್ರತಿ 10,000 ಮೈಲಿಯ ಗಡಿ ದಾಟಿದ ಕೂಡಲೇ ಬೆಲೆ ಧುಪ್ ಎಂದು ಬೀಳುತ್ತದೆ. 79,900ಕ್ಕೂ 80,100ಕ್ಕೂ ಎಂಜಿನ್ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಗಡಿ ದಾಟಿದ ಕಾರು ನೋಡಿದರೆ ಕೊಳ್ಳುವವರಿಗೆ ಲಾಭ.

ಇಷ್ಟಾದ ಮೇಲೆ ಮೂರು ಅಂಕಿ ಬರೆಯಬೇಕು. ಎಲ್ಲಿಂದ ಶುರು, ಎಷ್ಟಕ್ಕೆ ಸಿಕ್ಕರೆ ಖುಷಿ, ಎಷ್ಟು ದಾಟಿದರೆ ಏಳುವುದು. ಮೂರನೆಯದನ್ನು ಗಂಡ ಹೆಂಡತಿ ಸೇರಿ ಬರೆಯಬೇಕು, ಶುಲ್ಕಗಳೆಲ್ಲ ಸೇರಿದ ಒಟ್ಟು ಮೊತ್ತವಾಗಿರಬೇಕು. ಇದನ್ನು ಹೋಗುವ ಮೊದಲೇ ಮಾಡಬೇಕು ಎಂದು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಮೊದಲು ಕಿವಿಗೆ ಬಿದ್ದ ಅಂಕಿ ನಮ್ಮ ಅಂದಾಜನ್ನು ಎಳೆದುಕೊಂಡುಬಿಡುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ಬರೆದ ಲೇಖನದಲ್ಲಿ ಇದರ ಪ್ರಯೋಗವಿದೆ. ಜನರ ಮುಂದೆ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತವರ ನಡುವಿನ ಅಂದಾಜು 25, 65ಕ್ಕೆ ನಿಂತವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ! ಹೀಗಿರುವಾಗ ಗಾಜಿನ ಮೇಲೆ ಅಂಟಿಸಿದ ಬೆಲೆ ನಮ್ಮನ್ನು ಎಳೆಯದೆ ಇರುತ್ತದೆಯೇ? ಕಿಸೆಯಲ್ಲಿ ನಮ್ಮದೇ ಒಂದು ಅಂಕಿ ಇದ್ದರೆ ಹಿಡಿದುಕೊಳ್ಳಲು ಏನೋ ಇರುತ್ತದೆ.

ಕಂತಿನ ಪ್ರಶ್ನೆಗೆ ಒಂದೇ ಉತ್ತರ ಅಭ್ಯಾಸ ಮಾಡಿಸಿದೆ: "ಮೊದಲು ಕಾರಿನ ಬೆಲೆ ಮಾತಾಡೋಣ. ಸಾಲದ ವಿಷಯ ಆಮೇಲೆ." ಬೆಲೆ ಬರವಣಿಗೆಯಲ್ಲಿ ಬಂದ ಮೇಲೆ ಹಳೆಯ ಕಾರು, ಅದು ಮುಗಿದ ಮೇಲೆ ಸಾಲ. ಇವರಿಗೆ ಹಿಂದೆ ಆದದ್ದನ್ನು ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ ಶೇಕಡಾ 12ರ ಬಡ್ಡಿಯಲ್ಲಿ, ಸಾಲ ಪಡೆದ ಪ್ರತಿ 100ಕ್ಕೆ, 36 ತಿಂಗಳಾದರೆ ಕಂತು 3.32. 60 ತಿಂಗಳಿಗೆ ಎಳೆದರೆ 2.22. ಕಂತು ಎಷ್ಟು ಇಳಿಯಿತು ಅನ್ನಿಸುತ್ತದೆ. ಆದರೆ ಮೊದಲನೆಯದರಲ್ಲಿ ಒಟ್ಟು ಕಟ್ಟುವುದು ಸುಮಾರು 119.60, ಎರಡನೆಯದರಲ್ಲಿ 133.50. ಬೆಲೆಯಲ್ಲಿ ಒಂದು ಪೈಸೆ ಇಳಿಸದೆಯೂ ಕಂತು ಇಳಿಸಬಹುದು. ಅವರ ಹಳೆಯ ಹಾಳೆಯಲ್ಲಿ ಆಗಿದ್ದು ಅದೇ.

ಮೆಕ್ಯಾನಿಕ್ ವಿಷಯಕ್ಕೆ ಬಂದಾಗ ಮತ್ತೆ ಮುಲಾಜು ಎದ್ದಿತು. "ನಮ್ಮ ಮೆಕ್ಯಾನಿಕ್ ನೋಡ್ಬೇಕು ಅಂದ್ರೆ ಅವರನ್ನ ನಂಬಲ್ಲ ಅಂದ ಹಾಗಾಗಲ್ವಾ?" ಆಗುವುದಿಲ್ಲ. ಮಾರುವವರಿಗೆ ಕಾರಿನ ಬಗ್ಗೆ ಗೊತ್ತಿರುವಷ್ಟು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಹಳೆಯ ಕಾರಿನ ವ್ಯಾಪಾರದ ಸ್ವಭಾವವೇ ಅದು. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದದ್ದು ಇದನ್ನೇ. ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಎಣಿಕೆಗೆ ಬಂದದ್ದೂ ಈ ವಿಚಾರವೇ. ತಪಾಸಣೆ ಕೇಳುವುದು ಯಾರ ಮೇಲಿನ ಅನುಮಾನವೂ ಅಲ್ಲ, ಆ ಅಂತರ ತುಂಬುವ ದಾರಿ. ಬೇಡ ಎನ್ನುವ ಕಡೆ ಕೊಳ್ಳುವುದು ಬೇಡ, ಅಷ್ಟೇ.

ತಪಾಸಣೆಯಿಂದ ಇನ್ನೊಂದು ಉಪಕಾರ ಇದೆ, ಇವರಂಥ ಸಂಕೋಚದವರಿಗೆ ಅದೇ ದೊಡ್ಡದು. "ಸ್ವಲ್ಪ ಕಡಿಮೆ ಮಾಡಿ" ಎಂದು ಬೇಡಬೇಕಾಗಿಲ್ಲ. ಕಾರನ್ನೇ ತೋರಿಸಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 3518 ಎಂದಿದ್ದರೆ ಅದು 2018ರ 35ನೇ ವಾರ ತಯಾರಾದದ್ದು. ನಾಲ್ಕೂ ಟೈರು ಬದಲಿಸಬೇಕಾದರೆ ಎಷ್ಟಾಗುತ್ತದೆ, ಕ್ಲಚ್ ಸವೆದಿದ್ದರೆ ಎಷ್ಟು, ಟೈಮಿಂಗ್ ಬೆಲ್ಟ್ ಹಾಕಿಸಿದ ದಾಖಲೆ ಇಲ್ಲದಿದ್ದರೆ ಎಷ್ಟು, ಎಲ್ಲ ಬರೆದು "ಇಷ್ಟು ಖರ್ಚು ನನ್ನ ಮೇಲೆ ಬರುತ್ತೆ, ಇದನ್ನ ಬೆಲೆಯಲ್ಲಿ ಕಳೀರಿ" ಎನ್ನಬಹುದು. ಆಗ ಮಾತು ಇಬ್ಬರು ಮನುಷ್ಯರ ನಡುವೆ ಇರುವುದಿಲ್ಲ, ಟೈರಿನ ಮೇಲಿರುತ್ತದೆ.

ಇನ್ನು ಕೊನೆ ಗಳಿಗೆಯ ಶುಲ್ಕ. ಒಮ್ಮೆ ಹೂಂ ಎಂದ ಮೇಲೆ ಷರತ್ತು ಬದಲಾದರೂ ಮನಸ್ಸು ಹಿಂದೆ ಸರಿಯುವುದಿಲ್ಲ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1978ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಪ್ರಯೋಗಕ್ಕೆ ಬರುತ್ತೀರಾ ಎಂದು ಮೊದಲು ಒಪ್ಪಿಸಿ, ಆಮೇಲೆ ಬೆಳಿಗ್ಗೆ 7 ಗಂಟೆಗೆ ಎಂದು ಹೇಳಿದರೆ, ಹೊತ್ತನ್ನು ಮೊದಲೇ ತಿಳಿಸಿದಾಗ ಒಪ್ಪಿದವರಿಗಿಂತ ಜಾಸ್ತಿ ಜನ ಒಪ್ಪಿದರು, ಬಂದರು ಕೂಡ. ಇವರು ಆ ಸಂಜೆ ಕಣ್ಣಾರೆ ನೋಡಿ ಸಹಿ ಹಾಕಿದ್ದು ಯಾಕೆ ಎಂದು ಆಗ ಅವರಿಗೆ ಅರ್ಥವಾಯಿತು. ಒಂದು ನಿಯಮ ಮಾಡಿಕೊಂಡೆವು: ಹಾಳೆಯಲ್ಲಿ ಹೊಸ ಸಾಲು ಕಂಡರೆ ಆ ದಿನ ಸಹಿ ಇಲ್ಲ. ಮನೆಗೆ ಹೋಗಿ ಮಲಗಿ ಎದ್ದು ಯೋಚಿಸುವುದು. "ಈ ಬೆಲೆ ಇವತ್ತಿಗೆ ಮಾತ್ರ" ಎಂದರೂ ಅದೇ.

ಇಷ್ಟೆಲ್ಲ ತಿಳಿದರೂ ಬಾಯಿ ಬರಬೇಕಲ್ಲ. ಅದಕ್ಕೆ ನಾನು ಸೇಲ್ಸ್‌ಮನ್ ಆದೆ, ಅವರು ಗಿರಾಕಿ. ತಮ್ಮ ಬೆಲೆ ಹೇಳಿದ ಕೂಡಲೇ ಅವರು ತಾವೇ ಅದನ್ನು ಹಾಳು ಮಾಡುತ್ತಿದ್ದರು: "ಇಷ್ಟು ಕೊಡ್ತೀನಿ... ಅಂದ್ರೆ, ಸ್ವಲ್ಪ ಆಚೀಚೆ ಆದ್ರೂ ಪರವಾಗಿಲ್ಲ." ಆ ಎರಡನೇ ಅರ್ಧ ಬಿಡಿಸಲು ಬಹಳ ಹೊತ್ತು ಬೇಕಾಯಿತು. ಬೆಲೆ ಹೇಳಿ ತುಟಿ ಮುಚ್ಚಿ ಕೂರುವುದು, ಎದುರಿನವರ ಮೌನ ತಾಳಿಕೊಳ್ಳುವುದು. ಮೊದಲ ಸಲ ಕೈ ನಡುಗಿತು. ಪಾದ ನೆಲಕ್ಕೆ ಊರಿ, ಉಸಿರು ನಿಧಾನವಾಗಿ ಬಿಟ್ಟು ಕೂರುವುದನ್ನು ಹೇಳಿಕೊಟ್ಟೆ. ಎದ್ದು ಹೊರಡುವುದನ್ನೂ ಅಭ್ಯಾಸ ಮಾಡಿದೆವು. "ನಿಮ್ಮ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಈ ಬೆಲೆ ನಮಗೆ ಆಗಲ್ಲ. ಇಳಿಸೋಕೆ ಆದರೆ ಫೋನ್ ಮಾಡಿ." ಇದರಲ್ಲಿ ಯಾರಿಗೂ ಅವಮಾನವಿಲ್ಲ. ಸೇಲ್ಸ್‌ಮನ್ ಓಡಾಡಿದ್ದು ಅವನ ಕೆಲಸ. ಅದಕ್ಕೆ ಕೃತಜ್ಞತೆ ಹೇಳಬೇಕು, ಉಳಿತಾಯದ ಹಣವನ್ನು ಕೊಡಬೇಕಿಲ್ಲ.

ಹೆಂಡತಿಯನ್ನೂ ಒಮ್ಮೆ ಕರೆದೆ. ಅವರು ಬಂದು ಮೊದಲು ಹೇಳಿದ್ದು, "ನಂಗೂ ಆ ದಿನ ಬೇಡ ಅನ್ನೋಕೆ ಆಗ್ಲಿಲ್ಲ. ಅದಕ್ಕೇ ಇವರ ಮೇಲೆ ಹಾಕ್ದೆ." ಗಂಡ ಅವರ ಮುಖ ನೋಡಿದರು. ಎರಡು ವರ್ಷದಿಂದ ಈ ಮಾತು ಇಬ್ಬರ ನಡುವೆ ಬಂದೇ ಇರಲಿಲ್ಲ. ಅವರಿಗೆ ನಾನು ಕೊಟ್ಟ ಸಲಹೆ ಎರಡೇ. ಬೆಲೆ ಮಾತಾಡುವಾಗ ಒಬ್ಬರೇ ಮಾತಾಡಲಿ, ಇನ್ನೊಬ್ಬರು ಆ ಮೂರನೇ ಅಂಕಿಯ ಕಾವಲು ಕಾಯಲಿ. ಕೊಂಡ ಮೇಲೆ ಎಷ್ಟಾಯಿತು ಎಂದು ಯಾರಿಗೂ ಹೇಳಬೇಕಾಗಿಲ್ಲ, ಭಾವನಿಗೂ. ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಎಂದೂ ಸೇರಿಸಿದೆ. ಹಸಿದ ಮಗು ಪಕ್ಕದಲ್ಲಿದ್ದರೆ ಯಾರಾದರೂ ಬೇಗ ಒಪ್ಪಿಬಿಡುತ್ತಾರೆ.

ಮೊದಲು ಹೋದ ಕಡೆ ಮೆಕ್ಯಾನಿಕ್‌ಗೆ ತೋರಿಸಲು ಬಿಡಲಿಲ್ಲ, ಎದ್ದು ಬಂದರು. ಗೇಟಿನಾಚೆ ಕಾಲು ನಡುಗುತ್ತಿತ್ತು, ಆದರೆ ಹೊಟ್ಟೆ ಹಿಂಡಲಿಲ್ಲ ಎಂದರು. ಇನ್ನೊಂದು ಕಡೆ ಇಷ್ಟವಾದ ಕಾರು ಸಿಕ್ಕಿತು. ಬೆಲೆ ಮೂರನೇ ಅಂಕಿಗಿಂತ ಮೇಲೇ ನಿಂತಿತು. ಹೊರಟರು. ಫೋನ್ ಬರಲಿಲ್ಲ. ಆ ವಾರ ಅವರಿಗೆ ಕಷ್ಟವಾಯಿತು, 'ಒಳ್ಳೆ ಕಾರು ಬಿಟ್ಟೆನಾ' ಎಂದು ಕೊರಗಿದರು. ಕೈಗೆ ಬಾರದ್ದನ್ನೂ ಕಳೆದುಕೊಂಡೆ ಅನ್ನಿಸುವುದು ಸಹಜ. ಅದನ್ನು ತಡೆಯಲು ನಾನು ಹೋಗಲಿಲ್ಲ, ಜೊತೆಗಿದ್ದೆ. ಮುಂದೆ ಕೊಂಡ ಕಾರು ಎರಡನೇ ಅಂಕಿಗಿಂತ ತುಸು ಜಾಸ್ತಿಗೆ, ಮೂರನೆಯದಕ್ಕಿಂತ ಕಡಿಮೆಗೆ ಸಿಕ್ಕಿತು. ಹಿಂದಿನ ಎರಡು ಟೈರಿನ ಖರ್ಚು ಬೆಲೆಯಲ್ಲಿ ಕಳೆದರು.

ಭಾವ ಬಂದು ಎಷ್ಟಕ್ಕೆ ಎಂದು ಕೇಳಿದರಂತೆ. "ನಮಗೆ ಸರಿ ಅನ್ನಿಸಿದ ಬೆಲೆಗೆ" ಎಂದು ಉತ್ತರಿಸಿದ್ದು ಹೆಂಡತಿ. ಅವರ ನಿದ್ದೆ ಈಗ ಎಷ್ಟೋ ವಾಸಿ. ಬರುವುದನ್ನು ನಿಲ್ಲಿಸಿಲ್ಲ. ಕಚೇರಿಯಲ್ಲಿ ಮೂರು ವರ್ಷದಿಂದ ಸಂಬಳ ಏರಿಲ್ಲ, ಅದನ್ನು ಕೇಳುವುದು ಹೇಗೆ ಎನ್ನುವುದರ ಮೇಲೆ ಈಗ ಕೆಲಸ ಮಾಡುತ್ತಿದ್ದೇವೆ.